ಪೋರ್ಚುಗಲ್ಲಿನ ಹಳೆಯ ಕೆಂಪು ದ್ರಾಕ್ಷಾಮದ್ಯಗಳು: ಸಂಗ್ರಹ, ಪರಿಪಾಕ ಮತ್ತು ಇತಿಹಾಸದ ಸಾಕ್ಷ್ಯ

ಕನ್ನಡದಲ್ಲಿ ನಾವು ನಿತ್ಯವೂ ಬಳಸುವ 'ಪೀಪಾಯಿ' ಎಂಬ ಶಬ್ದವು ಪೋರ್ಚುಗೀಸ್ ಭಾಷೆಯ 'ಪೀಪ' ಎಂಬುದರಿಂದ ಬಂದುದು. ಮರದ ಹಲಗೆಗಳನ್ನು ಪಟ್ಟಿಗಳಿಂದ ಬಿಗಿದು ಮಾಡಿದ, ದ್ರಾಕ್ಷಾಮದ್ಯವನ್ನು ತುಂಬಿಡುವ ದೊಡ್ಡ ಪಾತ್ರೆಗೆ ಆ ದೇಶದಲ್ಲಿ ಈ ಹೆಸರು. ಲಿಸ್ಬನ್ನಿನಿಂದ ಗೋವೆಗೆ ಬರುತ್ತಿದ್ದ ಹಡಗುಗಳು ನಾವಿಕರ ಪಡಿಗಾಗಿಯೂ ಗೋವೆಯ ಅಧಿಕಾರಿಗಳ ಮತ್ತು ಪಾದ್ರಿಗಳ ಬಳಕೆಗಾಗಿಯೂ ಇಂತಹ ಪಾತ್ರೆಗಳನ್ನು ಹೊತ್ತು ತರುತ್ತಿದ್ದುವು. ಮದ್ಯವು ಗೋವೆಯಲ್ಲಿಯೇ ಮುಗಿಯಿತು. ಪಾತ್ರೆಯ ಹೆಸರು ಮಾತ್ರ ಘಟ್ಟವನ್ನು ಹತ್ತಿ ನಮ್ಮ ಎಣ್ಣೆಯ ಅಂಗಡಿಗಳನ್ನೂ ನೀರಿನ ಮನೆಗಳನ್ನೂ ಸೇರಿತು. ವಿಜಯನಗರದೊಡನೆ ಪೋರ್ಚುಗೀಸರು ನಡೆಸಿದ ಕುದುರೆಯ ವ್ಯಾಪಾರ, ಹೊನ್ನಾವರ, ಬಸರೂರು ಮತ್ತು ಮಂಗಳೂರುಗಳಲ್ಲಿ ಅವರು ಕಟ್ಟಿದ ಕೋಟೆಗಳು, ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳು ಇವೆಲ್ಲವೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳೇ. ಆದರೆ ಆ ಜನರ ಸ್ವದೇಶದ ಬೇಸಾಯ, ಅದನ್ನಾಳಿದ ಕಾನೂನು, ಅದರ ಫಲವಾದ ಪದಾರ್ಥಗಳು ಇವುಗಳ ಕಡೆಗೆ ನಮ್ಮ ಪಠ್ಯಗಳು ಅಷ್ಟಾಗಿ ಗಮನ ಕೊಟ್ಟಿಲ್ಲ. ಪ್ರಕೃತ ಲೇಖನದಲ್ಲಿ ನಾವು ಅಂತಹ ಒಂದು ಪದಾರ್ಥವನ್ನು, ಎಂದರೆ ಪೋರ್ಚುಗಲ್ಲಿನ ಊಟದ ಕೆಂಪು ವೈನನ್ನು, ಅದರ ಹಳೆಯ ಮತ್ತು ವಿರಳವಾದ ಸೀಸೆಗಳ ಸಂಗ್ರಹದ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಪೋರ್ಚುಗಲ್ಲಿನ ಮದ್ಯವೆಂದೊಡನೆ ವಾಚಕರ ನೆನಪಿಗೆ ಬರುವುದು ಪೋರ್ಟ್ ವೈನು. ಅದು ಹುದುಗುವಿಕೆಯ ನಡುವೆ ಬ್ರಾಂದಿಯನ್ನು ಬೆರೆಸಿ, ಸಿಹಿಯನ್ನುಳಿಸಿ ಮಾಡುವ ಬಲವಾದ ಮದ್ಯ. ಊಟದ ವೈನಿಗೆ ಬ್ರಾಂದಿಯ ಬೆರಕೆಯಿಲ್ಲ. ದ್ರಾಕ್ಷಿಯ ಸಕ್ಕರೆಯೆಲ್ಲವೂ ಹುದುಗಿ ಮುಗಿದ ಮೇಲೆ ದೊರೆಯುವ ಒಗರಾದ, ಹುಳಿಯಾದ ಪಾನೀಯ ಅದು. ಈ ಎರಡರಲ್ಲಿ ಮೊದಲನೆಯದು ಲೋಕಪ್ರಸಿದ್ಧವಾಗಿ ಎರಡನೆಯದು ಮರೆಯಲ್ಲಿ ಉಳಿದುದಕ್ಕೆ ರಾಜಕೀಯ ಕಾರಣಗಳುಂಟು. 1703ರ ಮೆಥ್ಯುಯೆನ್ ಒಪ್ಪಂದದಂತೆ ಪೋರ್ಚುಗಲ್ಲು ಇಂಗ್ಲೆಂಡಿನ ಉಣ್ಣೆಯ ಬಟ್ಟೆಗಳಿಗೆ ತನ್ನ ಮಾರುಕಟ್ಟೆಯನ್ನು ತೆರೆಯಿತು. ಅದಕ್ಕೆ ಪ್ರತಿಯಾಗಿ ಇಂಗ್ಲೆಂಡು ಪೋರ್ಚುಗಲ್ಲಿನ ವೈನಿನ ಮೇಲೆ ಫ್ರಾನ್ಸಿನದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕವನ್ನು ವಿಧಿಸಿತು. ಇದರಿಂದ ದೌರೋ ನದಿಯ ಕಣಿವೆಯ ಮದ್ಯಕ್ಕೆ ಬೇಡಿಕೆ ಹೆಚ್ಚಿತು. ಬೇಡಿಕೆಯೊಡನೆ ಕಲಬೆರಕೆಯೂ ಹೆಚ್ಚಿತು. 1756ರಲ್ಲಿ ಪೊಂಬಾಲನೆಂದು ಪ್ರಸಿದ್ಧನಾದ ಮಂತ್ರಿಯು ಆ ವ್ಯಾಪಾರಕ್ಕಾಗಿ ಒಂದು ಕಂಪೆನಿಯನ್ನು ಸ್ಥಾಪಿಸಿ, ಕಣಿವೆಯ ಗಡಿಯನ್ನು ಗೊತ್ತುಮಾಡಿ, ಗಡಿಯುದ್ದಕ್ಕೂ ಕಲ್ಲಿನ ಕಂಬಗಳನ್ನು ನೆಡಿಸಿದನು. ಬಣ್ಣಕ್ಕಾಗಿ ಬೆರೆಸುತ್ತಿದ್ದ ಎಲ್ಡರ್ ಎಂಬ ಕಾಡುಹಣ್ಣಿನ ಗಿಡಗಳನ್ನು ಕೀಳಿಸಿದನು. 1757ರಲ್ಲಿ ಪೋರ್ತೋ ನಗರದ ಜನರು ಕಂಪೆನಿಯ ವಿರುದ್ಧ ದಂಗೆಯೆದ್ದಾಗ ಹಲವರನ್ನು ಗಲ್ಲಿಗೇರಿಸಲಾಯಿತು. ಒಂದು ಪಾನೀಯದ ಶುದ್ಧಿಗಾಗಿ ಇಷ್ಟು ರಕ್ತ ಹರಿಯಿತೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಶುದ್ಧಿಯು ನೆಪ, ರಾಜಾದಾಯವೇ ಮೂಲವೆಂಬುದು ನಮ್ಮ ಅಭಿಪ್ರಾಯ.

ಈ ವ್ಯವಸ್ಥೆಯ ವಿರುದ್ಧ ಒಂದು ಸ್ವಾರಸ್ಯವಾದ ವಾದವು 1844ರಲ್ಲಿ ಕೇಳಿಬಂದಿತು. ಪೋರ್ತೋದಲ್ಲಿ ನೆಲಸಿದ್ದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ವರ್ತಕನು, ದೌರೋ ಮದ್ಯಕ್ಕೆ ಬ್ರಾಂದಿಯನ್ನೂ ಬಣ್ಣವನ್ನೂ ಬೆರೆಸುವುದು ಅದನ್ನು ಕೆಡಿಸಿದಂತೆಯೇ ಎಂದು ಒಂದು ಕಿರುಹೊತ್ತಗೆಯಲ್ಲಿ ವಾದಿಸಿದನು. ವರ್ತಕರಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. 1861ರಲ್ಲಿ ಅವನು ಅದೇ ನದಿಯ ವಲೈರ ಎಂಬ ಸುಳಿಯಲ್ಲಿ ದೋಣಿ ಮಗುಚಿ ತೀರಿಕೊಂಡನು. ಅದೇ ದೋಣಿಯಲ್ಲಿದ್ದ ದೋನ ಆಂತೋನಿಯ ಫೆರೈರ ಎಂಬ ಶ್ರೀಮಂತ ಮಹಿಳೆಯು ಬದುಕಿ ಉಳಿದಳು. ಆಕೆಯ ತೋಟದ ಮಾತು ಮುಂದೆ ಬರುವುದರಿಂದ ಹೆಸರನ್ನು ಇಲ್ಲಿಯೇ ಹೇಳಿದ್ದೇವೆ.

ಹೀಗೆ ರಫ್ತಿನ ದಾಖಲೆಗಳೆಲ್ಲವೂ ಪೋರ್ಟಿನ ಸುತ್ತಲೇ ಬೆಳೆದುವು. ಊಟದ ವೈನನ್ನು ದೇಶದೊಳಗೆ, ಹೆಚ್ಚಾಗಿ ಪೀಪಾಯಿಯಿಂದಲೇ ಅಳೆದು ಮಾರುತ್ತಿದ್ದರು. ಅದನ್ನು ಸೀಸೆಗೆ ತುಂಬಿ, ವರ್ಷವನ್ನು ನಮೂದಿಸಿ ಇಡುವ ರೂಢಿ ವಿರಳವಾಗಿತ್ತು. ಆದುದರಿಂದ ಉಳಿದಿರುವ ಹಳೆಯ ಸೀಸೆಗಳು ಇತಿಹಾಸಕಾರನ ದೃಷ್ಟಿಯಲ್ಲಿ ಬೆಲೆಯುಳ್ಳವು. ಅವುಗಳನ್ನು ಕೇವಲ ಸಿರಿವಂತರ ವಿನೋದದ ವಸ್ತುಗಳೆಂದು ತಳ್ಳಿಹಾಕುವುದು ಸರಿಯಲ್ಲ. ಶಾಸನವನ್ನೋ ನಾಣ್ಯವನ್ನೋ ಪರೀಕ್ಷಿಸುವಂತೆ ಈ ಸೀಸೆಯನ್ನೂ ಪರೀಕ್ಷಿಸಬಹುದೆಂಬುದೂ, ಅದರ ವಿರಳತೆಯ ಕಾರಣವನ್ನು ಹುಡುಕಿದರೆ ಪ್ರತಿಸಲವೂ ಒಂದು ಕಾನೂನಿನ, ಒಂದು ಪಿಡುಗಿನ ಅಥವಾ ಒಂದು ಮಣ್ಣಿನ ಕಥೆಯು ಹೊರಬೀಳುವುದೆಂಬುದೂ ನಮ್ಮ ಪ್ರತಿಪಾದನೆ.

ಮೊದಲಿಗೆ ಪರಿಪಾಕದ ಸ್ವರೂಪವನ್ನು ತಿಳಿಯಬೇಕು. ಎಲ್ಲ ವೈನೂ ಹಳತಾದಷ್ಟು ಉತ್ತಮವಾಗುವುದೆಂಬ ಜನಜನಿತವಾದ ನಂಬಿಕೆ ತಪ್ಪು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಸಪ್ಪೆಯಾಗುತ್ತದೆ. ದೀರ್ಘಕಾಲ ಬಾಳಲು ಅದರಲ್ಲಿ ಹುಳಿಯೂ ಒಗರೂ ಸಾಕಷ್ಟಿರಬೇಕು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ತೊಟ್ಟುಗಳಿಂದ ಬರುವ ಟ್ಯಾನಿನ್ ಎಂಬ ಒಗರಿನ ಅಂಶವು ಸಿಪ್ಪೆಯ ಬಣ್ಣದ ಅಂಶದೊಡನೆ ನಿಧಾನವಾಗಿ ಕೂಡಿಕೊಂಡು ದೊಡ್ಡ ಅಣುಗಳಾಗಿ ಮಾರ್ಪಡುತ್ತದೆ. ಅವುಗಳಲ್ಲಿ ಕೆಲವು ಭಾರವಾಗಿ ಗಸಿಯ ರೂಪದಲ್ಲಿ ತಳದಲ್ಲಿ ನಿಲ್ಲುತ್ತವೆ. ಇದರಿಂದ ನಾಲಗೆಯನ್ನು ಹಿಡಿಯುವ ಒಗರು ತಗ್ಗಿ, ನೇರಳೆ ಛಾಯೆಯ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಸಿ ಹಣ್ಣಿನ ವಾಸನೆ ಹೋಗಿ ಒಣಗಿದ ಎಲೆ, ಚರ್ಮ, ಹೊಗೆಸೊಪ್ಪು ಇವುಗಳನ್ನು ನೆನಪಿಸುವ ವಾಸನೆ ಬರುತ್ತದೆ. ಹುಳಿಯು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದು ಮದ್ಯವನ್ನು ಕಾಯುತ್ತದೆ. ಈ ಕ್ರಿಯೆಗಳ ವೇಗವು ಉಷ್ಣತೆಯನ್ನು ಅವಲಂಬಿಸಿದೆ. ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ಸಿನ ಕತ್ತಲೆಯ, ತೇವವಿರುವ ನೆಲಮಾಳಿಗೆಯಲ್ಲಿ ಐವತ್ತು ವರ್ಷ ಬಾಳುವ ಸೀಸೆಯು ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಮನೆಯ ಬೀರುವಿನೊಳಗಿದ್ದರೆ ಬಹುಬೇಗನೆ ಬೆಂದಂತಾಗಿ ಕೆಡುವುದು.

ಇನ್ನು ಪ್ರಾಂತ್ಯಗಳ ವಿಚಾರ. ಲಿಸ್ಬನ್ನಿನ ಪಶ್ಚಿಮಕ್ಕೆ, ಸಿಂತ್ರಾ ಬೆಟ್ಟ ಮತ್ತು ಅಟ್ಲಾಂಟಿಕ್ ಸಾಗರಗಳ ನಡುವೆ ಕೊಲಾರೆಸ್ ಎಂಬ ಸಣ್ಣ ಪ್ರದೇಶವಿದೆ. (ಹೆಸರು ನಮ್ಮ ಕೋಲಾರದಂತೆ ಕೇಳಿಸಿದರೂ ಸಂಬಂಧವೇನೂ ಇಲ್ಲ.) ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಬೇರುಹೇನು ಯೂರೋಪಿನ ದ್ರಾಕ್ಷಿಯ ತೋಟಗಳನ್ನು ನಾಶಮಾಡಿತು. 1860ರ ದಶಕದಲ್ಲಿಯೇ ಅದು ಪೋರ್ಚುಗಲ್ಲನ್ನೂ ಪ್ರವೇಶಿಸಿತು. ಕಡೆಗೆ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿಮಾಡುವುದೊಂದೇ ಪರಿಹಾರವೆಂದು ಕಂಡುಬಂದು, ಇಂದು ಆ ಖಂಡದ ಬಳ್ಳಿಗಳು ಬಹುತೇಕ ಕಸಿಯ ಬಳ್ಳಿಗಳೇ ಆಗಿವೆ. ಆದರೆ ಈ ಹೇನು ಶುದ್ಧ ಮರಳಿನಲ್ಲಿ ಬದುಕಲಾರದು. ಕೊಲಾರೆಸ್‌ನ ನೆಲವು ಕಡಲ ಗಾಳಿ ತಂದು ಒಟ್ಟಿದ ಮರಳು. ಅದರ ಕೆಳಗೆ ಹಲವು ಅಡಿಗಳ ಆಳದಲ್ಲಿ ಜೇಡಿ. ಬಳ್ಳಿಯನ್ನು ನೆಡಬೇಕಾದರೆ ಮರಳನ್ನು ಅಗೆದು ಜೇಡಿಯನ್ನು ಮುಟ್ಟಬೇಕು. ಅಗೆಯುವಾಗ ಗುಂಡಿಯ ಪಕ್ಕಗಳು ಕುಸಿದು ಆಳುಗಳು ಉಸಿರುಕಟ್ಟಿ ಸಾಯುವ ಅಪಾಯವಿದ್ದುದರಿಂದ, ಮರಳು ಬಿದ್ದರೂ ಮುಖದ ಮುಂದೆ ಒಂದಿಷ್ಟು ಗಾಳಿ ಉಳಿಯಲೆಂದು ಅವರು ತಲೆಯ ಮೇಲೆ ಬುಟ್ಟಿಯನ್ನು ಬೋರಲಾಗಿ ಧರಿಸುತ್ತಿದ್ದರು. ಬಳ್ಳಿಗಳು ನೆಲದ ಮೇಲೆಯೇ ಹಬ್ಬುತ್ತವೆ. ಉಪ್ಪಿನ ಗಾಳಿಗೆ ಅಡ್ಡಲಾಗಿ ಒಣ ಜೊಂಡಿನ ತಡಿಕೆಗಳು. ಕಾದ ಮರಳು ಗೊಂಚಲನ್ನು ಸುಡದಿರಲೆಂದು ಹಣ್ಣಾಗುವ ಕಾಲದಲ್ಲಿ ಕೊಂಬೆಗಳಿಗೆ ಸಣ್ಣ ಕೋಲುಗಳ ಆಸರೆ. ಈ ನೆಲದ ಕೆಂಪು ದ್ರಾಕ್ಷಿ ರಾಮಿಸ್ಕೋ ಎಂಬುದು. ಸಣ್ಣ ಕಾಯಿ, ದಪ್ಪ ಸಿಪ್ಪೆ. ಅದರ ವೈನು ಬಣ್ಣದಲ್ಲಿ ತೆಳು, ಒಗರಿನಲ್ಲಿ ಮತ್ತು ಹುಳಿಯಲ್ಲಿ ಉಗ್ರ. ಎಳೆಯದಾಗಿರುವಾಗ ಕುಡಿಯುವುದು ಒಂದು ಶಿಕ್ಷೆಯೇ ಸರಿ.

ಉಳಿದೆಡೆ ತೋಟಗಳು ಹಾಳಾದಾಗ ಕೊಲಾರೆಸ್‌ಗೆ ಕೀರ್ತಿ ಬಂದಿತು; ಹಿಂದೆಯೇ ಅದರ ಹೆಸರಿನಲ್ಲಿ ಸುಳ್ಳು ವೈನೂ ಬಂದಿತು. 1908ರಲ್ಲಿ ಸರಕಾರವು ಪ್ರದೇಶದ ಗಡಿಯನ್ನು ಗೊತ್ತುಮಾಡಿತು. 1931ರಲ್ಲಿ ಬೆಳೆಗಾರರ ಸಹಕಾರಿ ಮದ್ಯಶಾಲೆಯು ಸ್ಥಾಪಿತವಾಯಿತು. ತರುವಾಯ ಕೊಲಾರೆಸ್ ಎಂಬ ಹೆಸರಿನ ವೈನು ಅಲ್ಲಿಯೇ ತಯಾರಾಗಬೇಕೆಂಬ ಕಟ್ಟಳೆಯು ಬಹುಕಾಲ ಜಾರಿಯಲ್ಲಿದ್ದಿತು. ವರ್ತಕರು ಅಲ್ಲಿಂದ ಹೊಸ ವೈನನ್ನು ಕೊಂಡು, ತಮ್ಮ ಉಗ್ರಾಣಗಳಲ್ಲಿ ಮರದ ಪಾತ್ರೆಗಳಲ್ಲಿ ಹಣ್ಣಾಗಿಸಿ, ತಮ್ಮ ತಮ್ಮ ಹೆಸರಿನ ಚೀಟಿಯನ್ನಂಟಿಸಿ ಮಾರುತ್ತಿದ್ದರು. ಸಂಗ್ರಾಹಕನು ಈ ಸಂಗತಿಯನ್ನು ಮರೆಯಬಾರದು. ಆ ಕಾಲದ ಎರಡು ಸೀಸೆಗಳ ಮೇಲೆ ಎರಡು ವರ್ತಕರ ಹೆಸರುಗಳಿದ್ದ ಮಾತ್ರಕ್ಕೆ ಅವು ಎರಡು ತೋಟಗಳ ಫಲವೆಂದು ತೀರ್ಮಾನಿಸಲಾಗದು. ಹುಟ್ಟು ಒಂದೇ, ಬೆಳೆದ ಮನೆ ಬೇರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸಾವಿರ ಹೆಕ್ಟೇರುಗಳನ್ನು ಮೀರಿದ್ದ ಆ ತೋಟಗಳು ಇಂದು ಐವತ್ತಕ್ಕೂ ಕಡಿಮೆಯಾಗಿವೆ. ಬೇರುಹೇನಿಗೆ ಬಗ್ಗದ ಮರಳು ಲಿಸ್ಬನ್ನಿನವರ ವಿಹಾರಗೃಹಗಳಿಗೆ ಬಗ್ಗಿತು. ಕಡಲತೀರದ ನಿವೇಶನದ ಬೆಲೆಯ ಮುಂದೆ ದ್ರಾಕ್ಷಿಯ ಬೆಲೆ ಎಷ್ಟರದು? ಕಸಿಯಿಲ್ಲದ ಬಳ್ಳಿಯ ವೈನು ಹೇಗಿತ್ತೆಂಬುದಕ್ಕೆ ಯೂರೋಪಿನಲ್ಲಿ ಉಳಿದಿರುವ ಕೆಲವೇ ಸಾಕ್ಷ್ಯಗಳಲ್ಲಿ ಈ ಸೀಸೆಗಳು ಸೇರಿವೆ.

ಮಧ್ಯ ಪೋರ್ಚುಗಲ್ಲಿನ ಬೈರಾದ ಮತ್ತು ದಾಂವ್ ಪ್ರಾಂತ್ಯಗಳ ಕಥೆಯು ಬೇರೊಂದು ಬಗೆಯದು. ಬೈರಾದದ ಜೇಡಿ ಮತ್ತು ಸುಣ್ಣದ ನೆಲದಲ್ಲಿ ಬಾಗ ಎಂಬ ದ್ರಾಕ್ಷಿ ಮುಖ್ಯ. ಅದು ತಡವಾಗಿ ಹಣ್ಣಾಗುತ್ತದೆ. ಶರತ್ಕಾಲದ ಮಳೆ ಮೊದಲೇ ಬಂದರೆ ವೈನು ಒರಟಾಗುತ್ತದೆ, ಮಳೆ ತಡೆದ ವರ್ಷದಲ್ಲಿ ಮೂರು ನಾಲ್ಕು ದಶಕ ಬಾಳುತ್ತದೆ. ಗ್ರಾನೈಟ್ ಬೆಟ್ಟಗಳ ನಡುವಣ ದಾಂವ್ ಪ್ರಾಂತ್ಯಕ್ಕೆ 1908ರಲ್ಲಿಯೇ ಗಡಿ ಗೊತ್ತಾಗಿದ್ದರೆ, ಬೈರಾದವು 1979ರವರೆಗೆ ಕಾಯಬೇಕಾಯಿತು. ಸಾಲಜಾರನ ಏಕಾಧಿಪತ್ಯದ ಕಾಲದಲ್ಲಿ, 1937ರಲ್ಲಿ, ರಾಷ್ಟ್ರೀಯ ಮದ್ಯ ಮಂಡಲಿಯು ಸ್ಥಾಪಿತವಾಗಿ, ಮುಂದಿನ ದಶಕಗಳಲ್ಲಿ ದೇಶದಾದ್ಯಂತ ನೂರಕ್ಕೂ ಹೆಚ್ಚು ಸಹಕಾರಿ ಮದ್ಯಶಾಲೆಗಳು ಎದ್ದುವು. ದಾಂವ್ ಪ್ರಾಂತ್ಯದಲ್ಲಂತೂ ದ್ರಾಕ್ಷಿಯನ್ನು ಕೊಳ್ಳುವ ಹಕ್ಕು ಈ ಶಾಲೆಗಳದೇ ಆಯಿತು. ಖಾಸಗಿ ವರ್ತಕನು ತಯಾರಾದ ವೈನನ್ನು ಮಾತ್ರ ಕೊಳ್ಳಬಹುದಾಗಿತ್ತು. ಬೆಳೆಗಾರನಿಗೆ ತೂಕಕ್ಕೆ ತಕ್ಕ ಹಣ ಸಿಕ್ಕುತ್ತಿದ್ದಾಗ ಉತ್ತಮ ದ್ರಾಕ್ಷಿಯನ್ನು ಬೆಳೆಯುವ ಉತ್ಸಾಹ ಅವನಿಗೇಕೆ? ವೈನಿನ ಗುಣ ಇಳಿಯಿತು. 1986ರಲ್ಲಿ ಪೋರ್ಚುಗಲ್ಲು ಯೂರೋಪಿಯನ್ ಸಮುದಾಯವನ್ನು ಸೇರಿದ ಬಳಿಕ ಈ ಏಕಸ್ವಾಮ್ಯವು ರದ್ದಾಯಿತು. ಸಹಕಾರ ತತ್ತ್ವವನ್ನು ನಾವು ಇಲ್ಲಿ ದೂಷಿಸುತ್ತಿಲ್ಲ. ಬೆಳೆಗಾರನ ಸಮ್ಮತಿಯಿಲ್ಲದೆ ಮೇಲಿನಿಂದ ಹೇರಿದ ಸಹಕಾರದ ಫಲವನ್ನು ಮಾತ್ರ ಹೇಳುತ್ತಿದ್ದೇವೆ.

ಆದರೆ ಇದೇ ವ್ಯವಸ್ಥೆಯು ಸಂಗ್ರಾಹಕರಿಗೆ ಅನಿರೀಕ್ಷಿತವಾದ ಉಪಕಾರವೊಂದನ್ನು ಮಾಡಿತು. ವರ್ತಕರಿಗೆ ಉಳಿದ ಕೌಶಲವೆಂದರೆ ಆರಿಸುವುದು, ಬೆರೆಸುವುದು ಮತ್ತು ಕಾಯುವುದು. ಅವರು ಒಳ್ಳೆಯ ವೈನನ್ನು ಹುಡುಕಿ ಕೊಂಡು ಹಲವು ವರ್ಷಗಳ ಕಾಲ ಇಟ್ಟು, 'ಗರ್ರಫೈರ' ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಈ ಶಬ್ದಕ್ಕೆ ಸೀಸೆಗಳನ್ನಿಡುವ ಸ್ಥಳವೆಂದು ಅರ್ಥ. ಇಂದಿನ ಕಾನೂನಿನಂತೆ ಕೆಂಪು ವೈನು ಈ ಹೆಸರನ್ನು ಪಡೆಯಬೇಕಾದರೆ ಕನಿಷ್ಠ 30 ತಿಂಗಳು, ಅದರಲ್ಲಿ 12 ತಿಂಗಳು ಸೀಸೆಯಲ್ಲಿಯೇ, ಕಳೆದಿರಬೇಕು. ಪರದೇಶದ ಹರಾಜುಕಾರರು ಬೋರ್ಡೋ ಮತ್ತು ಪೋರ್ಟುಗಳನ್ನಲ್ಲದೆ ಇವುಗಳನ್ನು ಕೇಳುತ್ತಿರಲಿಲ್ಲ. ಅಗ್ಗದ ವೈನು ಆಫ್ರಿಕದ ವಸಾಹತುಗಳಿಗೆ ಹೋಗುತ್ತಿತ್ತು. ಒಳ್ಳೆಯದರಲ್ಲಿ ಮಾರದೆ ಉಳಿದುದು ಉಗ್ರಾಣದ ಕತ್ತಲೆಯಲ್ಲಿ ಅಲುಗಾಡದೆ ಬಿದ್ದಿತ್ತು. 1920ರಲ್ಲಿ ಬೈರಾದದಲ್ಲಿ ಆರಂಭವಾದ ಕಾವೆಶ್ ಸಾಂವ್ ಜುವಾಂವ್ ಎಂಬ ಸಂಸ್ಥೆಯ ಫ್ರೈ ಜುವಾಂವ್ ಮತ್ತು ಪೋರ್ತ ದುಶ್ ಕವಲೈರುಶ್ ಎಂಬ ವೈನುಗಳು ಇದಕ್ಕೆ ನಿದರ್ಶನ. ಎರಡನೆಯದರ ವಿಶೇಷ ದರ್ಜೆಯ ಸೀಸೆಗೆ ಕಾಗದದ ಬದಲು ಕಾರ್ಕಿನ ತೆಳುಹಾಳೆಯ ಚೀಟಿ. ಆ ಸಂಸ್ಥೆಯ ಉಗ್ರಾಣದಲ್ಲಿ ದಶಕಗಳಷ್ಟು ಹಳೆಯ ಸೀಸೆಗಳು ಹುಟ್ಟಿದ ಸ್ಥಳವನ್ನೇ ಬಿಡದೆ ಉಳಿದುವು. ಹೊರಲೋಕದ ಅನಾದರಣೆಯೇ ಇಲ್ಲಿ ಪತ್ರಾಗಾರದ ಕೆಲಸವನ್ನು ಮಾಡಿತೆನ್ನಬಹುದು.

ಈ ಎರಡೂ ಪ್ರಾಂತ್ಯಗಳ ವೈನನ್ನು ಬೆರೆಸಿ ತಯಾರಾಗುವುದು ಬುಸಾಕೋ ಅರಮನೆಯ ವೈನು. 1810ರ ಸೆಪ್ಟೆಂಬರ್ 27ರಂದು ವೆಲಿಂಗ್ಟನ್ ನೆಪೋಲಿಯನ್ನನ ಸೇನೆಯನ್ನು ತಡೆದ ಬುಸಾಕೋ ಬೆಟ್ಟದ ಕಾಡಿನಲ್ಲಿ, ಪೋರ್ಚುಗಲ್ಲಿನ ರಾಜಮನೆತನದ ಕಡೆಯ ದಶಕಗಳಲ್ಲಿ ಎದ್ದ ಈ ಅರಮನೆಯು ಹೋಟೆಲಾಗಿ ಮಾರ್ಪಟ್ಟಿತು. ಗೋಡೆಯ ನೀಲಿ ಹೆಂಚುಗಳ ಮೇಲೆ ಆ ಯುದ್ಧದ ಚಿತ್ರಗಳೂ, ಭಾರತಕ್ಕೆ ಬಂದ ಗಾಮನ ಯಾನವನ್ನು ಹಾಡಿದ 'ಲೂಸಿಯಾದಸ್' ಕಾವ್ಯದ ಪ್ರಸಂಗಗಳೂ ಇವೆ. ಅಲ್ಲಿನ ನೆಲಮಾಳಿಗೆಯ ವೈನನ್ನು ಬಹುಕಾಲ ಹೋಟೆಲಿನ ಅತಿಥಿಗಳಿಗಲ್ಲದೆ ಹೊರಗಿನವರಿಗೆ ಮಾರುತ್ತಿರಲಿಲ್ಲ. ಹೀಗಾಗಿ ಅನೇಕ ದಶಕಗಳ ಸೀಸೆಗಳು ಒಂದೇ ಮಾಳಿಗೆಯಲ್ಲಿ ಅನುಕ್ರಮವಾಗಿ ಉಳಿದುವು. ಊಟದ ಪಟ್ಟಿಯೇ ಒಂದು ಕಾಲಾನುಕ್ರಮಣಿಕೆಯಾಯಿತು.

ದೌರೋ ಕಣಿವೆಗೆ ಮರಳೋಣ. ಫಾರೆಸ್ಟರನ ಕಿರುಹೊತ್ತಗೆಗೆ ಉತ್ತರವು ನೂರು ವರ್ಷಗಳಿಗೂ ಮೇಲೆ, ದೋನ ಆಂತೋನಿಯ ತನ್ನ ಕಡೆಗಾಲದಲ್ಲಿ ನೆಡಿಸಿದ ವಾಲೆ ಮೆಯಾಂವ್ ಎಂಬ ತೋಟದಲ್ಲಿ ದೊರಕಿತೆನ್ನಬೇಕು. ಫೆರೈರ ಸಂಸ್ಥೆಯ ಫೆರ್ನಾಂದು ನಿಕೊಲಾವ್ ದ ಅಲ್ಮೈದ ಎಂಬ ಮದ್ಯತಜ್ಞರು ಬೋರ್ಡೋವಿಗೆ ಹೋಗಿ ಅಲ್ಲಿನ ಪದ್ಧತಿಯನ್ನು ಕಂಡುಬಂದು, ಪೋರ್ಟಿನ ನೆಲದಲ್ಲಿಯೇ ಶ್ರೇಷ್ಠವಾದ ಊಟದ ವೈನನ್ನು ಮಾಡಲು ಸಂಕಲ್ಪಿಸಿದರು. ತೊಂದರೆಯಿದ್ದುದು ಉಷ್ಣತೆಯಲ್ಲಿ. ದೌರೋವಿನ ಮೇಲ್ಗಣಿವೆಯ ಬೇಸಗೆಯು ನಮ್ಮ ರಾಯಚೂರಿನದನ್ನು ನೆನಪಿಸುವಂತಹುದು. ಹುದುಗುವ ರಸವು ತಾನೇ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಹುದುಗಿಸುವ ಜೀವಿಗಳು ಸತ್ತು, ಸಕ್ಕರೆ ಅರೆಬರೆಯಾಗಿ ಉಳಿದು, ವೈನು ಕೆಡುತ್ತದೆ. ಪೋರ್ಟಿನಲ್ಲಾದರೆ ನಡುವೆಯೇ ಬ್ರಾಂದಿ ಹಾಕಿ ಹುದುಗುವಿಕೆಯನ್ನು ನಿಲ್ಲಿಸುವುದರಿಂದ ಈ ತೊಡಕು ಅಷ್ಟಾಗಿ ಬಾಧಿಸದು. ತೋಟದಲ್ಲಿ ವಿದ್ಯುಚ್ಛಕ್ತಿ ಇರಲಿಲ್ಲ. ಅವರು ಪೋರ್ತೋ ಬಳಿಯ ಮಾತೊಜಿನ್ಯುಶ್ ಎಂಬ ಮೀನುಗಾರಿಕೆಯ ಬಂದರಿನಿಂದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ಲಾರಿಗಳಲ್ಲಿ ತರಿಸಿ ರಸವನ್ನು ತಂಪುಮಾಡಿದರು. ಹೀಗೆ 1952ರಲ್ಲಿ ಬಾರ್ಕ ವೆಲ್ಯ, ಎಂದರೆ 'ಹಳೆಯ ದೋಣಿ', ಜನಿಸಿತು. ಆ ವೈನನ್ನು ಹಲವು ವರ್ಷಗಳ ಕಾಲ ಇಟ್ಟು ಪರೀಕ್ಷಿಸಿ, ಯೋಗ್ಯವೆಂದು ಕಂಡ ವರ್ಷದ್ದಕ್ಕೆ ಮಾತ್ರ ಆ ಹೆಸರನ್ನು ಕೊಡುತ್ತಾರೆ. ಉಳಿದುದು ಕೆಳಗಿನ ದರ್ಜೆಯ ಹೆಸರಿನಲ್ಲಿ ಹೊರಬರುತ್ತದೆ. ಎಪ್ಪತ್ತು ವರ್ಷಗಳಲ್ಲಿ ಈ ಗೌರವವನ್ನು ಪಡೆದ ಸುಗ್ಗಿಗಳು ಸುಮಾರು ಇಪ್ಪತ್ತು ಮಾತ್ರ. ಕೊಲಾರೆಸ್‌ನ ವಿರಳತೆಯು ನಿಸರ್ಗ ಮತ್ತು ನಗರಗಳು ಮಾಡಿದುದು. ಬಾರ್ಕ ವೆಲ್ಯದ್ದು ಮನುಷ್ಯನ ನಿರ್ಣಯದಿಂದ ಬಂದುದು. ಸಂಗ್ರಾಹಕರು ಎರಡಕ್ಕೂ ಹಣ ತೆರುವರಾದರೂ ಎರಡನೆಯದಕ್ಕೆ ತೆರುವುದು ಬಹಳ ಹೆಚ್ಚು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ದಕ್ಷಿಣದ ಅಲೆಂತೆಜು ಪ್ರಾಂತ್ಯದ ಕುರಿತು ಒಂದೇ ಮಾತು. 1974ರ ಏಪ್ರಿಲ್ 25ರ ಕ್ರಾಂತಿಯ ತರುವಾಯ ಅಲ್ಲಿನ ದೊಡ್ಡ ಜಮೀನುಗಳನ್ನು ಕೂಲಿಗಾರರು ವಶಪಡಿಸಿಕೊಂಡರು. ಮೊಶಾಂವ್ ಎಂಬ ಹೆಸರಾಂತ ತೋಟವು 1980ರ ದಶಕದಲ್ಲಿ ಹಿಂದಿನ ಒಡೆಯರಿಗೆ ಮರಳಿತು. ಆ ತೋಟದ ಸೀಸೆಗಳ ಸಾಲಿನಲ್ಲಿ ಈ ನಡುವಣ ವರ್ಷಗಳನ್ನು ಹುಡುಕುವವನು ಭೂಸುಧಾರಣೆಯ ಚರಿತ್ರೆಯನ್ನೂ ಓದಬೇಕಾಗುತ್ತದೆ.

ಈಗ ಸಂಗ್ರಾಹಕನ ಪರೀಕ್ಷಾವಿಧಾನ. ಇತಿಹಾಸ ಶಾಸ್ತ್ರದಲ್ಲಿ ನಾವು ಆಕರದ ಬಾಹ್ಯ ವಿಮರ್ಶೆ ಮತ್ತು ಆಂತರಿಕ ವಿಮರ್ಶೆ ಎಂದು ಎರಡನ್ನು ಹೇಳುತ್ತೇವೆ. ಸೀಸೆಯ ಬಾಹ್ಯ ವಿಮರ್ಶೆಯಲ್ಲಿ ಮೊದಲು ನೋಡಬೇಕಾದುದು ಮದ್ಯದ ಮಟ್ಟ. ಅದು ಕತ್ತಿನಿಂದ ಭುಜಕ್ಕೆ ಇಳಿದಿದ್ದರೆ ಬಿರಡೆಯ ಮೂಲಕ ಗಾಳಿ ಒಳಹೊಕ್ಕಿದೆಯೆಂದು ಅರ್ಥ. ಪ್ರಾಂತೀಯ ಮಂಡಲಿಗಳು ಅಂಟಿಸುತ್ತಿದ್ದ ಸಂಖ್ಯೆಯುಳ್ಳ ಮುದ್ರಾಪಟ್ಟಿಯು ವೈನಿನ ಮೂಲಪ್ರದೇಶಕ್ಕೆ ಪ್ರಮಾಣ. ಅದು ಗುಣಕ್ಕೆ ಪ್ರಮಾಣವಲ್ಲ. ಚೀಟಿಯ ಮೇಲಿನ 'ಕೊಲ್ಯೈತ' ಎಂಬ ಶಬ್ದದ ಮುಂದಿನ ವರ್ಷವು ಸುಗ್ಗಿಯದು. ಹಿಂದೆ ವೈನನ್ನು ದೊಡ್ಡ ಮರದ ಪಾತ್ರೆಗಳಲ್ಲೋ ಸಿಮೆಂಟಿನ ತೊಟ್ಟಿಗಳಲ್ಲೋ ವರ್ಷಗಟ್ಟಲೆ ಇಡುತ್ತಿದ್ದುದರಿಂದ, ಸೀಸೆಗೆ ತುಂಬಿದ ಕಾಲವು ಅದಕ್ಕಿಂತ ಎಷ್ಟೋ ಈಚಿನದಿರಬಹುದು. ಕವಿಯ ಕಾಲಕ್ಕೂ ಓಲೆಯ ಪ್ರತಿಯ ಕಾಲಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಸೀಸೆಯು ಎಲ್ಲೆಲ್ಲಿ ಇದ್ದು ಬಂದಿತೆಂಬ ವೃತ್ತಾಂತ. ಮೂಲ ಉಗ್ರಾಣದಿಂದ ನೇರವಾಗಿ ಬಂದುದಕ್ಕೂ ನಾಲ್ಕು ಅಂಗಡಿಗಳ ಕಿಟಕಿಯ ಬಿಸಿಲನ್ನು ಕಂಡುಬಂದುದಕ್ಕೂ ಚೀಟಿ ಒಂದೇ, ಒಳಗಿನ ಸ್ಥಿತಿ ಬೇರೆ.

ಬಿರಡೆಯ ವಿಷಯದಲ್ಲಿ ಒಂದು ವಿವರ. ಜಗತ್ತಿನ ಕಾರ್ಕಿನ ಸುಮಾರು ಅರ್ಧಭಾಗ ಪೋರ್ಚುಗಲ್ಲಿನದೇ. ಕಾರ್ಕ್ ಓಕ್ ಮರದ ತೊಗಟೆಯನ್ನು ಮೊದಲ ಸಲ ಸುಲಿಯಲು ಸುಮಾರು ಇಪ್ಪತ್ತೈದು ವರ್ಷ ಕಾಯಬೇಕು; ಅಲ್ಲಿಂದ ಮುಂದೆ ಒಂಬತ್ತು ವರ್ಷಗಳಿಗೊಮ್ಮೆ. ಮೂರನೆಯ ಸುಲಿತದ ತೊಗಟೆ ಮಾತ್ರ ಒಳ್ಳೆಯ ಬಿರಡೆಗೆ ಬರುತ್ತದೆ. ಸುಲಿದ ವರ್ಷದ ಕಡೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುವರು. ನಲವತ್ತು ವರ್ಷ ಬೆಳೆದ ಮರದ ಬಿರಡೆಯೂ ಸೀಸೆಯಲ್ಲಿ ಶಾಶ್ವತವಲ್ಲ. ಸೀಸೆಯನ್ನು ಮಲಗಿಸಿಟ್ಟು ಅದನ್ನು ಒದ್ದೆಯಾಗಿ ಇಡದಿದ್ದರೆ ಒಣಗಿ ಕುಗ್ಗುತ್ತದೆ.

ಆಂತರಿಕ ವಿಮರ್ಶೆಯು ಇಲ್ಲಿ ಕಠಿಣವಾದ ಪ್ರಶ್ನೆಯನ್ನೊಡ್ಡುತ್ತದೆ. ಶಾಸನವನ್ನು ಸಾವಿರ ಮಂದಿ ಓದಿದರೂ ಅದು ಸವೆಯದು. ಈ ಸೀಸೆಯನ್ನಾದರೋ ತೆರೆಯದೆ ಓದಲಾಗದು, ತೆರೆದ ಮೇಲೆ ಅದು ಉಳಿಯದು. ಹಾಗೆಂದು ಎಂದೆಂದಿಗೂ ತೆರೆಯದೆ ಇಡುವ ಸಂಗ್ರಾಹಕನು ಸಾಕ್ಷ್ಯವನ್ನು ಉಳಿಸುತ್ತಿದ್ದಾನೆಂದು ಹೇಳುವಂತಿಲ್ಲ. ಬಿರಡೆಯು ಅಳಿದ ದಿನ ಒಳಗಿನದು ಯಾರಿಗೂ ತಿಳಿಯದೆ ಹಾಳಾಗುವುದು. ಒಂದೇ ಸುಗ್ಗಿಯ ಹಲವು ಸೀಸೆಗಳಿದ್ದಲ್ಲಿ ಕೆಲವು ವರ್ಷಗಳಿಗೊಂದನ್ನು ತೆರೆದು, ಕಂಡುದನ್ನು ಬರೆದಿಡುವುದೇ ಯುಕ್ತವಾದ ಕ್ರಮವೆಂದು ನಾವು ಭಾವಿಸುತ್ತೇವೆ. ತೆರೆಯುವ ಮೊದಲು ಗಸಿ ಇಳಿಯಲೆಂದು ಸೀಸೆಯನ್ನು ಒಂದೆರಡು ದಿನ ನೆಟ್ಟಗೆ ನಿಲ್ಲಿಸಬೇಕು. ಬಿರಡೆ ಪುಡಿಯಾಗುವಂತಿದ್ದರೆ ಕಾಸಿದ ಇಕ್ಕಳದಿಂದ ಕತ್ತನ್ನು ಹಿಡಿದು, ಒದ್ದೆ ಬಟ್ಟೆ ಸೋಕಿಸಿ, ಗಾಜನ್ನೇ ಮುರಿಯುವ ಹಳೆಯ ಪದ್ಧತಿಯು ಪೋರ್ಟಿನ ಜನರಲ್ಲುಂಟು. ಬಳಿಕ ಕತ್ತಿನ ಹಿಂದೆ ಮೇಣದ ಬತ್ತಿಯನ್ನಿಟ್ಟು ಗಸಿಯು ಕತ್ತಿನ ಬಳಿಗೆ ಬರುವವರೆಗೆ ನಿಧಾನವಾಗಿ ಬೇರೊಂದು ಪಾತ್ರೆಗೆ ಬಸಿಯಬೇಕು. ಬಹಳ ಹಳೆಯ ವೈನಿನ ವಾಸನೆಯು ಗಾಳಿ ಸೋಕಿದ ಸ್ವಲ್ಪ ಹೊತ್ತಿನಲ್ಲಿಯೇ ಹಾರಿಹೋಗಬಹುದಾದುದರಿಂದ ಬಣ್ಣ, ವಾಸನೆ ಮತ್ತು ರುಚಿಗಳ ಟಿಪ್ಪಣಿಯನ್ನು ಆಗಿಂದಾಗ ಬರೆಯತಕ್ಕದ್ದು. ಚೀಟಿ, ಮುದ್ರಾಪಟ್ಟಿ ಮತ್ತು ವರ್ಷವನ್ನು ಒತ್ತಿದ ಬಿರಡೆ ಇವುಗಳನ್ನು, ತೆರೆದ ದಿನಾಂಕ, ಮದ್ಯದ ಮಟ್ಟ ಮತ್ತು ಸೀಸೆಯು ಬಂದ ಮೂಲವನ್ನು ನಮೂದಿಸಿದ ಆ ಟಿಪ್ಪಣಿಯೊಡನೆ ಒಂದೇ ಲಕೋಟೆಯಲ್ಲಿ ಕಾದಿಡತಕ್ಕದ್ದು.